ಸೀಳಿನಲ್ಲೇ ಸೊಗಸು ಕಂಡ ಸ್ಟೆನ್ಸಿಲ್ ಅಕ್ಷರ

ಗೋಣಿಚೀಲ, ಮರದ ಪೆಟ್ಟಿಗೆ, ಗೂಡ್ಸ್ ರೈಲಿನ ವ್ಯಾಗನ್‌ಗಳ ಮೇಲೆ ದಪ್ಪನೆಯ ಅಕ್ಷರಗಳನ್ನು ಎಲ್ಲರೂ ನೋಡಿರುತ್ತೇವೆ. ಹತ್ತಿರ ಹೋಗಿ ನೋಡಿದರೆ ಅವುಗಳಲ್ಲಿ ಸೀಳುಗಳು ಕಾಣುತ್ತವೆ. ಇಂಗ್ಲಿಷಿನ ‘ಓ’ ಎದುರುಬದುರಾಗಿ ನಿಂತ ಎರಡು ಕಮಾನುಗಳಾಗಿರುತ್ತದೆ.

ಸೀಳಿಗೆ ಕಾರಣ ಸ್ಟೆನ್ಸಿಲ್, ಅಂದರೆ ಬಣ್ಣ ಬಳಿಯಲು ಅಕ್ಷರ ಕೊರೆದ ತಗಡು. ಅದರಲ್ಲಿ ‘ಓ’ ಅನ್ನು ಪೂರ್ತಿ ಸುತ್ತಿ ಕೊರೆದರೆ ನಡುವಿನ ಬಿಲ್ಲೆ ಕಳಚಿ ಬೀಳುತ್ತದೆ, ಬಣ್ಣ ಬಳಿದಾಗ ಮೂಡುವುದು ಬರೀ ಬೊಟ್ಟು. ಬಿಲ್ಲೆ ನಿಲ್ಲಲು ಅಲ್ಲಲ್ಲಿ ಕಿರುಪಟ್ಟಿ ಬಿಡಬೇಕು. ಈ ಪಟ್ಟಿಗೆ ಸೇತುವೆ ಎನ್ನುತ್ತಾರೆ. ಬಣ್ಣ ಹಚ್ಚುವುದಕ್ಕೂ ಹದವಿದೆ. ಕುಂಚವನ್ನು ಎಳೆಯದೆ, ನೆಟ್ಟಗೆ ಹಿಡಿದು ತಟ್ಟಬೇಕು. ಬಣ್ಣ ಹೆಚ್ಚಾದರೆ ತಗಡಿನ ಅಡಿಗೆ ನುಸುಳಿ ಅಂಚು ಕೆಡುತ್ತದೆ.

ಸರಕು ಸಾಗಣೆ ಹೆಚ್ಚಿದಂತೆ ಈ ಕೆಲಸಕ್ಕೂ ಯಂತ್ರ ಬಂತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆಂಡ್ರ್ಯೂ ಬ್ರಾಡ್ಲಿ 1893ರಲ್ಲಿ ಸ್ಟೆನ್ಸಿಲ್ ಕೊರೆಯುವ ಯಂತ್ರ ರೂಪಿಸಿದರು. ಎಣ್ಣೆ ಕುಡಿಸಿದ ರಟ್ಟಿನ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಕತ್ತರಿಸುವುದು ಇಂಥ ಯಂತ್ರಗಳ ಕೆಲಸ. ಗೋದಾಮಿನ ಈ ಬರಹ ಕಲಾವಿದರನ್ನೂ ಸೆಳೆಯಿತು. ಜಾರ್ಜ್ ಬ್ರಾಕ್ 1911ರ ತಮ್ಮ ‘ಪೋರ್ಚುಗೀಸ್’ ಕ್ಯಾನ್ವಾಸಿನಲ್ಲಿ ಸ್ಟೆನ್ಸಿಲ್ ಅಕ್ಷರ, ಅಂಕಿಗಳನ್ನು ಮೂಡಿಸಿದರು.

ಮುದ್ರಣಕ್ಕೆ 1937 ಮಹತ್ವದ ವರ್ಷ. ಜೂನ್‌ನಲ್ಲಿ ಲಡ್ಲೋ ಕಂಪನಿಗಾಗಿ ರಾಬರ್ಟ್ ಹಂಟರ್ ಮಿಡಲ್‌ಟನ್, ಜುಲೈನಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್‌ಗಾಗಿ ಗೆರಿ ಪೊವೆಲ್ ರೂಪಿಸಿದ ಟೈಪುಗಳು ಬಂದವು. ಎರಡರ ಹೆಸರೂ ‘ಸ್ಟೆನ್ಸಿಲ್’. ಎರಡರಲ್ಲೂ ಕ್ಯಾಪಿಟಲ್ ಅಕ್ಷರಗಳು ಮಾತ್ರ. ದಪ್ಪ ಗೀಟು, ದುಂಡನೆಯ ಅಂಚು. ಅಚ್ಚಿನ ಮೊಳೆಗೆ ಸೇತುವೆಯ ಅಗತ್ಯವೇ ಇಲ್ಲ. ಆದರೂ ವಿನ್ಯಾಸಕಾರರು ಸೀಳನ್ನು ಉಳಿಸಿಕೊಂಡರು, ಏಕೆಂದರೆ ಅಕ್ಷರಕ್ಕೆ ದುಡಿಮೆಯ ಖದರು ಬಂದದ್ದೇ ಅದರಿಂದ. ಸೈನ್ಯ, ಕಾರ್ಖಾನೆ, ಸರಕು ಎಂದೊಡನೆ ಪೋಸ್ಟರು, ಟೈಟಲ್ ಕಾರ್ಡುಗಳಲ್ಲಿ ಈ ಅಕ್ಷರಗಳು ಹಾಜರಾಗುವುದು ಇದೇ ಕಾರಣಕ್ಕೆ.

ಕನ್ನಡದಲ್ಲಿ ಸ್ಟೆನ್ಸಿಲ್ ಕೊರೆಯುವವರ ಸವಾಲು ಇನ್ನೂ ದೊಡ್ಡದು. ಇಲ್ಲಿ ದುಂಡು ಅಕ್ಷರಗಳದೇ ರಾಜ್ಯ. ಸೊನ್ನೆಗೆ ಸೇತುವೆ ಬೇಕು. ‘ಠ’ ಕೊರೆಯುವಾಗ ಸೇತುವೆ ಮರೆತರೆ ಬೊಟ್ಟಿನ ಸಮೇತ ಒಳಗಿನ ತಗಡೇ ಉದುರುತ್ತದೆ. ಒತ್ತಕ್ಷರದ ಕಿರಿದಾದ ಸುರುಳಿಯಲ್ಲಿ, ಮೇಲಿನ ಅಕ್ಷರಕ್ಕೆ ಬಿಟ್ಟಷ್ಟೇ ಅಗಲದ ಸೇತುವೆ ಬಿಟ್ಟರೆ ಒತ್ತೇ ಮಾಯ! ತಲೆಕಟ್ಟು ಅಕ್ಷರವನ್ನು ಸೇರುವ ಕಡೆ ಸೀಳು ಬಿದ್ದರೆ ಓದು ಸಲೀಸು. ಅಡ್ಡಾದಿಡ್ಡಿ ಬಿದ್ದರೆ ಪದ ಗುರುತೇ ಸಿಗದು.

ಹಾಗಾಗಿ ಇಂಗ್ಲಿಷ್ ಸ್ಟೆನ್ಸಿಲ್ಲಿನ ಸೀಳುಗಳನ್ನು ಕನ್ನಡಕ್ಕೆ ಹಾಗೆಯೇ ಅಂಟಿಸಿದರೆ ಸಾಲದು. ಸೀಳು ಎಲ್ಲಿರಬೇಕೆಂಬುದನ್ನು ನಮ್ಮ ಅಕ್ಷರದ ತಿರುವುಗಳೇ ಹೇಳಬೇಕು. ಆ ತಿರುವುಗಳನ್ನು ಬಲ್ಲ ವಿನ್ಯಾಸಕಾರರ ಕೈಗೆ ಸಿಕ್ಕರೆ ಕನ್ನಡದ ಸ್ಟೆನ್ಸಿಲ್ ಯಾರ ನಕಲೂ ಆಗಬೇಕಿಲ್ಲ.