ಕಲ್ಲುಗಳನ್ನು ನುಣುಪು ಮಾಡುವ ಸಣ್ಣ ಯಂತ್ರವನ್ನು ಆರಿಸುವ ಬಗೆ

ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಕಿಟಕಿಯ ಬಳಿ ಒಂದು ಗಾಜಿನ ಬಟ್ಟಲಿದೆ. ಅದರೊಳಗಿನ ಬೆಣಚುಕಲ್ಲು, ಅಗೇಟ್, ಜಾಸ್ಪರ್ ಮೊದಲಾದ ಕಲ್ಲುಗಳು ಎಣ್ಣೆ ಸವರಿದಂತೆ ಹೊಳೆಯುತ್ತವೆ. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗಲೆಲ್ಲಾ ಅವುಗಳನ್ನು ಕೈಗೆ ತೆಗೆದುಕೊಂಡು, “ಇವನ್ನು ಎಲ್ಲಿ ಕೊಂಡಿರಿ?” ಎಂದು ಕೇಳುವುದುಂಟು. ಇವು ಕೊಂಡವಲ್ಲ, ನಮ್ಮ ಬಾಲಕಿಯರೇ ಯಂತ್ರದಲ್ಲಿ ಉರುಳಿಸಿ ನುಣುಪು ಮಾಡಿದವು ಎಂದೊಡನೆ ಎರಡನೆಯ ಪ್ರಶ್ನೆ ಹುಟ್ಟುತ್ತದೆ: “ನಮ್ಮ ಮಕ್ಕಳಿಗೂ ಅಂಥದೊಂದನ್ನು ಕೊಡಿಸಬೇಕೆಂದಿದ್ದೇವೆ. ಹೆಚ್ಚು ಬೆಲೆಯಿಲ್ಲದ್ದು ಯಾವುದು?” ಒಬ್ಬೊಬ್ಬರಿಗೂ ಬಾಯಿಮಾತಿನಲ್ಲಿ ಅರ್ಧ ಉತ್ತರವನ್ನು ಹೇಳುವುದಕ್ಕಿಂತ, ನಾವು ಕಂಡುಕೊಂಡುದನ್ನೂ ನಾವು ಮಾಡಿದ ತಪ್ಪುಗಳನ್ನೂ ಈ ಸಂಚಿಕೆಯಲ್ಲಿ ಒಟ್ಟಾಗಿ ತಿಳಿಸುವುದು ಒಳ್ಳೆಯದೆಂದು ತೋರಿತು.

ಮೊದಲು ತಪ್ಪನ್ನೇ ಹೇಳುತ್ತೇವೆ. ಹಳೆಯ ವಿದ್ಯಾರ್ಥಿನಿಯರು ವಿಜ್ಞಾನ ಸಂಘಕ್ಕೆ ಕೊಟ್ಟ ಹಣದಲ್ಲಿ ಆದಷ್ಟು ಉಳಿಸಬೇಕೆಂಬ ಆಸೆಯಿಂದ, ಅಂಗಡಿಯಲ್ಲಿದ್ದವುಗಳಲ್ಲೆಲ್ಲಾ ಅತ್ಯಂತ ಅಗ್ಗವಾದ ಆಟಿಕೆಯ ಯಂತ್ರವನ್ನು ತಂದೆವು. ಅದರ ಪೀಪಾಯಿ ತೆಳುವಾದ ಪ್ಲಾಸ್ಟಿಕ್ಕಿನದು. ಕಲ್ಲುಗಳು ಅದರೊಳಗೆ ಉರುಳುವ ಸದ್ದಿಗೆ ವಿದ್ಯಾರ್ಥಿನಿ ನಿಲಯದ ಮಕ್ಕಳು ಎರಡು ರಾತ್ರಿ ನಿದ್ರೆಗೆಟ್ಟರು. ಒಂಬತ್ತನೆಯ ದಿನ ಮೋಟಾರು ಸುಟ್ಟ ವಾಸನೆಯನ್ನು ಕೊಟ್ಟು ನಿಂತುಹೋಯಿತು. ಕಲ್ಲುಗಳ ಮೂಲೆಗಳು ಮಾತ್ರ ಹಾಗೆಯೇ ಇದ್ದವು. ಅದಕ್ಕೆ ಬೇರೊಂದು ಮೋಟಾರಾಗಲಿ ಬೆಲ್ಟಾಗಲಿ ಎಲ್ಲಿಯೂ ದೊರೆಯಲಿಲ್ಲ. ಉಳಿಸಿದೆವೆಂದುಕೊಂಡ ಹಣವೂ ಹೋಯಿತು, ಕೊಟ್ಟ ಹಣವೂ ಹೋಯಿತು.

ಯಂತ್ರವನ್ನು ಆರಿಸಬೇಕಾದರೆ ಅದು ಮಾಡುವ ಕೆಲಸವನ್ನು ತಿಳಿಯಬೇಕು. ಹೊಳೆಯ ಕಲ್ಲು ದುಂಡಗಾಗುವುದು ಹೇಗೆ? ನೀರು ಅದನ್ನು ಮರಳಿನೊಡನೆ ಸಾವಿರಾರು ವರ್ಷ ಉರುಳಿಸುವುದರಿಂದ. ಗುಜರಾತಿನ ಖಂಬಾತದಲ್ಲಿ ಅಗೇಟಿನ ಮಣಿಗಳನ್ನು ಮಾಡುವವರು ಇದೇ ಉಪಾಯವನ್ನು ಕೈಕೊಂಡು, ಮಣಿಗಳನ್ನೂ ಸಾಣೆಪುಡಿಯನ್ನೂ ನೀರಿನೊಡನೆ ತೊಗಲಿನ ಚೀಲದಲ್ಲಿ ತುಂಬಿ, ಇಬ್ಬರು ಎದುರುಬದುರಾಗಿ ಕುಳಿತು ದಿನಗಟ್ಟಲೆ ಹೊರಳಿಸುತ್ತಿದ್ದರು. ನಮ್ಮ ಯಂತ್ರದಲ್ಲಿ ತೊಗಲಿನ ಚೀಲಕ್ಕೆ ಬದಲಾಗಿ ರಬ್ಬರಿನ ಪೀಪಾಯಿಯೂ, ಇಬ್ಬರು ಮನುಷ್ಯರಿಗೆ ಬದಲಾಗಿ ಎರಡು ಉರುಳೆಗಳೂ ಒಂದು ಮೋಟಾರೂ ಇರುತ್ತವೆ. ವ್ಯತ್ಯಾಸ ಇಷ್ಟೇ.

ಉರುಳುವ ವೇಗದಲ್ಲಿ ಒಂದು ಗುಟ್ಟಿದೆ. ನೀರು ತುಂಬಿದ ಬಕೆಟ್ಟನ್ನು ತೋಳಿನಿಂದ ರಭಸವಾಗಿ ಸುತ್ತಿಸಿದರೆ ನೀರು ಚೆಲ್ಲದೆ ತಳಕ್ಕೆ ಅಂಟಿಕೊಂಡಿರುವುದನ್ನು ನೀವೆಲ್ಲರೂ ಬಾಲ್ಯದಲ್ಲಿ ನೋಡಿದ್ದೀರಿ. ಪೀಪಾಯಿಯೂ ಹಾಗೆಯೇ, ಅತಿ ವೇಗದಲ್ಲಿ ತಿರುಗಿದರೆ ಕಲ್ಲುಗಳು ಗೋಡೆಗೆ ಅಂಟಿಕೊಂಡು ಒಂದನ್ನೊಂದು ಉಜ್ಜುವುದೇ ಇಲ್ಲ. ೧೦ ಸೆಂಟಿಮೀಟರ್ ಅಗಲದ ಪೀಪಾಯಿಗೆ ಈ ಎಲ್ಲೆಯು ನಿಮಿಷಕ್ಕೆ ಸುಮಾರು ೧೩೪ ಸುತ್ತುಗಳು. ಕಲ್ಲನ್ನು ನುಣುಪು ಮಾಡುವುದಕ್ಕೆ ಇದರ ಅರ್ಧಕ್ಕಿಂತಲೂ ಕಡಿಮೆ ವೇಗ ಸಾಕು. ಕಲ್ಲುಗಳು ಮೇಲಿನಿಂದ ಬೀಳದೆ ಒಂದರ ಮೇಲೊಂದು ಜಾರಬೇಕು. ಬೀಳುವ ಕಲ್ಲು ಬಿರುಕು ಬಿಡುತ್ತದೆ. ಆದುದರಿಂದ “ಹೆಚ್ಚು ವೇಗ, ಬೇಗನೆ ಕೆಲಸ” ಎಂದು ಹೊಗಳುವ ಜಾಹೀರಾತಿಗೆ ಮರುಳಾಗಬೇಡಿರಿ.

ಇನ್ನು ಆಯ್ಕೆಯ ವಿಷಯ. ಪೀಪಾಯಿಯನ್ನು ನಡುಗಿಸಿ ಕೆಲಸ ಮಾಡುವ ಯಂತ್ರಗಳೂ ಉಂಟು. ಅವು ಬೇಗನೆ ಮುಗಿಸುತ್ತವೆಯಾದರೂ ಬೆಲೆ ಹೆಚ್ಚು, ನೀರನ್ನೂ ಪುಡಿಯನ್ನೂ ಮೇಲಿಂದ ಮೇಲೆ ನೋಡಿಕೊಳ್ಳಬೇಕು. ಮೊದಲ ಸಲ ಕೊಳ್ಳುವವರಿಗೆ ಉರುಳುವ ಯಂತ್ರವೇ ತಕ್ಕದ್ದು. ಪೀಪಾಯಿಯು ರಬ್ಬರಿನದಾಗಿರಲಿ, ಇಲ್ಲವೆ ಒಳಗೆ ದಪ್ಪ ರಬ್ಬರಿನ ಪದರವಿರಲಿ. ಸದ್ದು ಅಡಗುವುದಲ್ಲದೆ ಕಲ್ಲುಗಳು ಜಾರದೆ ಮೇಲೇರುವುದೂ ಅದರಿಂದಲೇ. ಕಲ್ಲು, ನೀರು, ಪುಡಿ ಎಲ್ಲಾ ಸೇರಿ ಸುಮಾರು ಒಂದೂವರೆ ಕಿಲೋಗ್ರಾಂ ಹಿಡಿಯುವ ಪೀಪಾಯಿ ಒಂದು ಮನೆಗೆ ಸಾಕು. ಇದಕ್ಕಿಂತ ಚಿಕ್ಕದರಲ್ಲಿ ಕಲ್ಲುಗಳ ಭಾರ ಸಾಲದೆ ಉಜ್ಜಾಟ ಕುಂದುತ್ತದೆ. ಬಹಳ ದೊಡ್ಡದಾದರೆ ಅದನ್ನು ತುಂಬುವಷ್ಟು ಕಲ್ಲುಗಳನ್ನು ಮಕ್ಕಳು ಕೂಡಿಸಲಾರರು. ಬೆಲ್ಟು, ಮುಚ್ಚಳ, ಪೀಪಾಯಿ ಇವು ಬಿಡಿಯಾಗಿ ದೊರೆಯುವುವೇ ಎಂದು ಕೊಳ್ಳುವ ಮೊದಲೇ ವಿಚಾರಿಸಿರಿ. ಅಮೇರಿಕದಿಂದ ಬಂಧುಗಳು ತಂದುಕೊಡುವ ಯಂತ್ರವು ಸಾಮಾನ್ಯವಾಗಿ ೧೨೦ ವೋಲ್ಟಿನದು; ನಮ್ಮ ಮನೆಗಳ ವಿದ್ಯುತ್ತು ೨೩೦ ವೋಲ್ಟಿನದು. ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಯಂತ್ರದ ಬೆಲೆ ಒಂದು ಪಾಲು ಮಾತ್ರ. ಅದು ಹಗಲಿರುಳೂ ನಾಲ್ಕು ವಾರ ತಿರುಗಬೇಕು. ಮೋಟಾರು ೨೦ ವ್ಯಾಟಿನದಾದರೆ ೨೮ ದಿನಗಳಿಗೆ ಸುಮಾರು ಹದಿಮೂರೂವರೆ ಯೂನಿಟ್ ವಿದ್ಯುತ್ತು ಬೇಕಾಗುತ್ತದೆ. ಇದು ದೊಡ್ಡ ಹೊರೆಯಲ್ಲ. ಆದರೆ ಸಾಣೆಪುಡಿಯನ್ನು ಪ್ರತಿಸಲವೂ ಹೊಸದಾಗಿ ಹಾಕಬೇಕು. ಒಂದೆರಡು ವರ್ಷಗಳಲ್ಲಿ ಪುಡಿಯ ಖರ್ಚು ಯಂತ್ರದ ಬೆಲೆಯನ್ನೇ ಮೀರಬಹುದು. ಆದಕಾರಣ ಯಂತ್ರಕ್ಕೇ ಎಲ್ಲಾ ಹಣವನ್ನು ಸುರಿಯದೆ ಪುಡಿಗಾಗಿ ಒಂದಂಶವನ್ನು ತೆಗೆದಿಡತಕ್ಕದ್ದು.

ಆ ಪುಡಿಯಾವುದು? ೧೮೯೧ರಲ್ಲಿ ಅಮೇರಿಕದ ಎಡ್ವರ್ಡ್ ಅಚೆಸನ್ ಎಂಬವರು ತಯಾರಿಸಿ ಕಾರ್ಬೊರಂಡಮ್ ಎಂದು ಹೆಸರಿಟ್ಟ ಸಿಲಿಕಾನ್ ಕಾರ್ಬೈಡ್. ಆ ಹೆಸರಿನ ಹಿಂಭಾಗವು ನಮ್ಮ ನಾಡಿನ ಕುರುಂದದಿಂದ ಹೋದದ್ದೆಂಬುದನ್ನು ಕೇಳಿ ನಮ್ಮ ಬಾಲಕಿಯರು ಹಿಗ್ಗಿದರು. ಕಲ್ಲುಗಳ ಗಡಸುತನವನ್ನು ೧ರಿಂದ ೧೦ರವರೆಗೆ ಎಣಿಸುವ ಕ್ರಮವನ್ನು ೧೮೧೨ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ಏರ್ಪಡಿಸಿದರು. ಬೆಣಚುಕಲ್ಲಿನ ಅಂಕ ೭, ಕುರುಂದದ್ದು ೯, ಕಾರ್ಬೊರಂಡಮ್ಮಿನದು ೯ಕ್ಕೂ ಮೇಲೆ. ಪುಡಿಯ ನಂಬರು ಜರಡಿಯ ಕಣ್ಣುಗಳ ಎಣಿಕೆಯಿಂದ ಬಂದದ್ದು. ನಂಬರು ದೊಡ್ಡದಾದಂತೆ ಪುಡಿ ನುಣ್ಣಗಾಗುತ್ತದೆ. ಮೊದಲನೆಯ ವಾರ ೬೦–೯೦ರ ದಪ್ಪ ಪುಡಿ, ಎರಡನೆಯ ವಾರ ೧೨೦–೨೨೦, ಮೂರನೆಯ ವಾರ ೫೦೦, ಕೊನೆಗೆ ಹೊಳಪಿಗಾಗಿ ಅಲ್ಯುಮಿನಿಯಂ ಆಕ್ಸೈಡ್. ಮೂಲೆಗಳು ದುಂಡಗಾಗದಿದ್ದರೆ ಮೊದಲನೆಯ ಮೆಟ್ಟಲನ್ನೇ ಮತ್ತೊಂದು ವಾರ ನಡಿಸಬೇಕು. ಪೀಪಾಯಿಯ ಮೂರರಲ್ಲಿ ಎರಡು ಪಾಲಿನಷ್ಟು ಕಲ್ಲು, ಮೇಲಿನ ಕಲ್ಲುಗಳು ಮುಳುಗದಷ್ಟು ನೀರು, ಸುಮಾರು ನಾಲ್ಕು ದೊಡ್ಡ ಚಮಚ ಪುಡಿ. ದೊಡ್ಡ ಕಲ್ಲುಗಳ ನಡುವೆ ಸಣ್ಣವೂ ಇರಲಿ. ಗಡಸುತನ ಮಾತ್ರ ಒಂದೇ ಆಗಿರಬೇಕು. ಅಮೃತಶಿಲೆಯನ್ನೂ ಬಳಪದ ಕಲ್ಲನ್ನೂ ಬೆಣಚುಕಲ್ಲಿನೊಡನೆ ಹಾಕಿದರೆ ಮೆದುವಾದವು ಸವೆದು ಕೆಸರಾಗುತ್ತವೆ. ಭೀಮಾ, ಕೃಷ್ಣಾ ನದಿಗಳ ಕಡೆಯಿಂದ ಬರುವ ಮಕ್ಕಳು ತರುವ ಅಗೇಟ್, ಜಾಸ್ಪರುಗಳು ಈ ಕೆಲಸಕ್ಕೆ ಬಹಳ ಚೆನ್ನಾದವು.

ಒಂದು ಮೆಟ್ಟಲಿನಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲುಗಳನ್ನೂ ಪೀಪಾಯಿಯನ್ನೂ ಮುಚ್ಚಳದ ಅಂಚನ್ನೂ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಎರಡನೆಯ ಯಂತ್ರವನ್ನು ತಂದ ವರ್ಷ ನಾವು ಇದರಲ್ಲಿ ತಪ್ಪಿದೆವು. ಸಾಯಂಕಾಲದ ಗಂಟೆ ಬಾರಿಸಿತೆಂದು ಬಾಲಕಿಯರನ್ನು ಅವಸರಪಡಿಸಿದವರು ನಾವೇ. ಒಂದು ಕಲ್ಲಿನ ಬಿರುಕಿನಲ್ಲಿ ಉಳಿದ ದಪ್ಪ ಪುಡಿಯು ಕೊನೆಯ ಮೆಟ್ಟಲಿನಲ್ಲಿ ಎಲ್ಲಾ ಕಲ್ಲುಗಳ ಮೇಲೂ ಗೀರೆಳೆಯಿತು. ನಾಲ್ಕು ವಾರಗಳ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು. ಅಂದಿನಿಂದ ತೊಳೆಯುವ ದಿನ ನಾವು ಗಡಿಯಾರವನ್ನು ನೋಡುವುದಿಲ್ಲ. ತೊಳೆದ ಕೆಸರನ್ನು ಬಚ್ಚಲಿಗೆ ಸುರಿಯಬಾರದೆಂಬುದನ್ನೂ ನೆನಪಿಡಿರಿ. ಅದು ಕೊಳವೆಯೊಳಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು, ತಿಳಿನೀರನ್ನು ಬಸಿದು, ಗಷ್ಟನ್ನು ಒದ್ದೆಯಾಗಿರುವಾಗಲೇ ಚೀಲದಲ್ಲಿ ಕಟ್ಟಿ ಬಿಸಾಡತಕ್ಕದ್ದು.

ಒದ್ದೆಯಾಗಿರುವಾಗಲೇ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೆಣಚುಕಲ್ಲಿನ ನುಣ್ಣನೆಯ ಒಣಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದಲ್ಲಿ ನಿಂತು ಅದನ್ನು ಗಟ್ಟಿಗೊಳಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧಿಯಿಲ್ಲ. ಮೇಲೆ ಹೇಳಿದ ಖಂಬಾತದಲ್ಲಿ ಮನೆಗಳಲ್ಲಿಯೇ ಅಗೇಟನ್ನು ಒಣದಾಗಿ ಸಾಣೆ ಹಿಡಿಯುವವರಿಗೂ ಅವರ ಮನೆಯವರಿಗೂ ಇದು ತಗಲಿದೆ. ೨೦೦೧ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳ ಕೆಲಸಗಾರರಲ್ಲಿಯೂ ಇದಿತ್ತು. ನಮ್ಮ ಸಂಘದ ಒಬ್ಬ ಬಾಲಕಿಯ ತಾತನವರು ಆ ಗಣಿಯಲ್ಲಿ ದುಡಿದವರು. ಮೇಜಿನ ಮೇಲೆ ಒಣಗಿದ್ದ ಕೆಸರನ್ನು ಅವಳ ಗೆಳತಿ ಬಟ್ಟೆಯಿಂದ ಕೊಡಹುತ್ತಿದ್ದಾಗ ಅವಳು ನಮ್ಮ ಬಳಿಗೆ ಬಂದು, “ಟೀಚರ್, ತಾತನವರ ಎದೆಯಲ್ಲಿ ಇದ್ದದ್ದು ಇದೇ ಧೂಳೋ?” ಎಂದು ಮೆಲ್ಲನೆ ಕೇಳಿದಳು. ಹೌದೆಂದೆವು. ಮೇಜನ್ನು ಒದ್ದೆ ಬಟ್ಟೆಯಿಂದಲೇ ಒರಸಬೇಕೆಂಬ ನಿಯಮವನ್ನು ಆ ದಿನ ಗೋಡೆಯ ಮೇಲೆ ಬರೆದವಳು ಅವಳೇ. ಪೀಪಾಯಿಯೊಳಗೆ ನೀರಿರುವವರೆಗೆ ಭಯವಿಲ್ಲ. ಒಣಪುಡಿಯನ್ನು ಅಳೆಯುವಾಗ ಮೂಗು ಬಾಯಿಗಳಿಗೆ ತಕ್ಕ ಮಾಸ್ಕ್ ಇರಲಿ. ಒಣಗಿದ ಕೆಸರನ್ನು ಎಂದಿಗೂ ಗುಡಿಸಬೇಡಿರಿ. ಕೆಲವು ಕಲ್ಲುಗಳಿಂದ ಪೀಪಾಯಿಯೊಳಗೆ ಅನಿಲವು ಕೂಡಿಕೊಳ್ಳುವುದರಿಂದ ದಿನಕ್ಕೊಮ್ಮೆ ಮುಚ್ಚಳವನ್ನು ತೆರೆದು ನೋಡುವುದು ಕ್ಷೇಮ.

ಬಾಲ್ ಮಿಲ್ ಎಂಬುದು ಇದೇ ಮನೆತನದ ಯಂತ್ರ. ಪಿಂಗಾಣಿಯ ಗುಂಡುಗಳನ್ನು ಪೀಪಾಯಿಯ ಅರ್ಧದಷ್ಟು ತುಂಬಿ ಉರುಳಿಸಿದರೆ, ಕುಂಬಾರಿಕೆಯ ಮೆರುಗಿಗೂ ಚಿತ್ರದ ಬಣ್ಣಕ್ಕೂ ಬೇಕಾದ ಮಣ್ಣುಗಳನ್ನು ನೀರಿನಲ್ಲಿ ನುಣ್ಣಗೆ ಅರೆಯಬಹುದು. ಇಲ್ಲಿ ಗುಂಡುಗಳು ಬೀಳಬೇಕಾದ್ದರಿಂದ ವೇಗ ಹೆಚ್ಚಾಗಿರಬೇಕು. ಹಿಂದೆ ಹೇಳಿದ ಎಲ್ಲೆಯ ಮೂರರಲ್ಲಿ ಎರಡು ಪಾಲಿನಷ್ಟು. ಆದರೆ ಮದ್ದಿನ ಪುಡಿಯನ್ನಾಗಲಿ, ಬೆಂಕಿ ಹತ್ತುವ ಬೇರೆ ಯಾವ ಪುಡಿಯನ್ನಾಗಲಿ ಇದರಲ್ಲಿ ಅರೆಯುವುದು ಪ್ರಾಣಕ್ಕೆ ಅಪಾಯ. ಮಕ್ಕಳು ಇದನ್ನು ಎಲ್ಲಿಯಾದರೂ ನೋಡಿ ಕೇಳಿದರೆ ಪೋಷಕರು ಕಾರಣವನ್ನು ತಿಳಿಸಿ ಬಿಡಿಸಬೇಕು.

ಒಟ್ಟಿನಲ್ಲಿ ರಬ್ಬರಿನ ಪೀಪಾಯಿ, ನಿಧಾನವಾದ ವೇಗ, ಬಿಡಿಭಾಗಗಳು ದೊರೆಯುವ ಭರವಸೆ, ಪುಡಿಗಾಗಿ ತೆಗೆದಿಟ್ಟ ಹಣ, ಒದ್ದೆ ಬಟ್ಟೆ ಇವು ಐದೂ ಇದ್ದಲ್ಲಿ ಸಾಧಾರಣ ಬೆಲೆಯ ಯಂತ್ರವೂ ಅನೇಕ ವರ್ಷ ನಡೆಯುತ್ತದೆ. ನಮ್ಮ ಎರಡನೆಯ ಯಂತ್ರ ಈಗಲೂ ತಿರುಗುತ್ತಿದೆ. ಹಳೆಯ ವಿದ್ಯಾರ್ಥಿನಿಯರು ಮಕ್ಕಳೊಡನೆ ಬಂದು ಅದನ್ನು ನೋಡಿಯೇ ತಮ್ಮದನ್ನು ಕೊಳ್ಳಲಿ. ಬರುವಾಗ ತಮ್ಮ ಊರಿನ ಒಂದು ಹಿಡಿ ಕಲ್ಲನ್ನು ತರುವುದಾದರೆ ನಮ್ಮ ಬಾಲಕಿಯರು ಸಂತೋಷದಿಂದ ತೆಗೆದುಕೊಳ್ಳುವರು. ನಾಲ್ಕು ವಾರಗಳ ಮೇಲೆ ಹಿಂದಕ್ಕೆ ಕಳುಹಿಸುವರು.