ಹಳೆಯ ಗಣಕಯಂತ್ರಕ್ಕೆ ಪಪ್ಪಿ ಲಿನಕ್ಸ್: ಉಪಯೋಗ ಮತ್ತು ಮಿತಿ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11ಕ್ಕೆ ಹೊಸ ಪೀಳಿಗೆಯ ಪ್ರೊಸೆಸರ್ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅವಶ್ಯಕ. ಇರಕಲ್ಲಗಡದ ಅಂಗಡಿಯಲ್ಲಾಗಲಿ, ಗಂಗಾವತಿಯ ಅಕ್ಕಿ ಗಿರಣಿಯಲ್ಲಾಗಲಿ ಹತ್ತು-ಹನ್ನೆರಡು ವರ್ಷ ದುಡಿದ ಗಣಕಯಂತ್ರವು ಈ ಅರ್ಹತೆ ಪಡೆಯುವುದು ಕಷ್ಟ. ಹಾಗೆಂದು ಅದನ್ನು ಗುಜರಿಗೆ ಹಾಕಬೇಕಾಗಿಲ್ಲ.

ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಅವರು 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸ್ ಉಚಿತವಾಗಿ ದೊರೆಯುವ ಕಾರ್ಯಾಚರಣಾ ವ್ಯವಸ್ಥೆ. ಇದು ಪೆನ್‌ಡ್ರೈವ್‌ನಿಂದಲೇ ಆರಂಭಗೊಂಡು ರ‍್ಯಾಮ್‌ನಲ್ಲಿ ನೆಲೆನಿಂತು ಕೆಲಸ ಮಾಡುತ್ತದೆ. ಆದ್ದರಿಂದ ಹಾರ್ಡ್‌ಡಿಸ್ಕ್ ನಿಧಾನವಾಗಿದ್ದರೂ ವೇಗ ಅಷ್ಟಾಗಿ ಕುಗ್ಗದು. ಅದರಲ್ಲಿರುವ ವಿಂಡೋಸನ್ನು ಅಳಿಸದೆಯೇ ಪರೀಕ್ಷಿಸಿ ನೋಡಬಹುದು. ಪತ್ರವ್ಯವಹಾರ, ದರಪಟ್ಟಿ, ದಾಸ್ತಾನು ಪಟ್ಟಿಗಳಿಗೆ ಇದು ಸಾಕು. ಯಂತ್ರವನ್ನು ಮುಚ್ಚುವಾಗ ಉಳಿಸಿಕೊಳ್ಳದಿದ್ದರೆ ಅಂದಿನ ಕೆಲಸ ಅಳಿದುಹೋದೀತೆಂಬ ಎಚ್ಚರ ಇರಲಿ.

ಆದರೆ ಟ್ಯಾಲಿ ವಿಂಡೋಸ್‌ಗಾಗಿ ರೂಪುಗೊಂಡ ತಂತ್ರಾಂಶ. ಪಪ್ಪಿಯಲ್ಲಿ ನೇರವಾಗಿ ನಡೆಯದು. ಕಂಪನಿಗಳು ಜಿಎಸ್‌ಟಿ ವಿವರಪಟ್ಟಿಗೆ ಬಳಸುವ ಡಿಜಿಟಲ್ ಸಹಿಯ ಸಾಧನಕ್ಕೂ ಪ್ರತ್ಯೇಕ ತಂತ್ರಾಂಶ ಬೇಕು. ಮೇಲಾಗಿ, ಪಪ್ಪಿಯು ಸಾಮಾನ್ಯವಾಗಿ ಬಳಕೆದಾರನಿಗೆ ಯಂತ್ರದ ಪೂರ್ಣಾಧಿಕಾರ ನೀಡುವುದರಿಂದ ಬ್ಯಾಂಕ್ ವ್ಯವಹಾರಕ್ಕೆ ತಕ್ಕುದಲ್ಲ.

ಆದಕಾರಣ ಲೆಕ್ಕಪತ್ರ, ತೆರಿಗೆ ಮತ್ತು ಬ್ಯಾಂಕಿನ ಕೆಲಸಕ್ಕೆ ಬೆಂಬಲವುಳ್ಳ ಒಂದು ಯಂತ್ರವನ್ನು ಮೀಸಲಿಟ್ಟು, ಉಳಿದ ಕೆಲಸವನ್ನು ಹಳೆಯದಕ್ಕೆ ವಹಿಸುವುದು ಲೇಸು. ಮೊದಲು ಎಲ್ಲ ಕಡತಗಳ ಪ್ರತಿ ತೆಗೆದಿರಿಸಿ, ಪ್ರಿಂಟರ್ ಕೆಲಸ ಮಾಡುವುದನ್ನು ಖಚಿತಪಡಿಸಿಕೊಂಡು, ಒಂದು ವಾರ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿದ ಬಳಿಕ ನಿರ್ಧರಿಸುವುದು ಒಳಿತು.