ಬೆಂಚ್ ಪ್ರೆಸ್‌ನಲ್ಲಿ ಗಿಡ್ಡ ತೋಳಿನವರಿಗೆ ಅನುಕೂಲ, ಉದ್ದ ತೋಳಿನವರಿಗೆ ಕಷ್ಟ ಏಕೆ? ಇಲ್ಲಿದೆ ದೇಹದ ಅಳತೆಯ ಲೆಕ್ಕಾಚಾರ

ಜಿಮ್‌ಗೆ ಹೋಗುವ ಹುಡುಗರ ನಡುವೆ ಪದೇ ಪದೇ ಕೇಳಿಬರುವ ಪ್ರಶ್ನೆ ಒಂದೇ: 'ಬೆಂಚ್ ಎಷ್ಟು ಹೊಡೀತೀಯಾ?' ಒಂದೇ ದಿನ ಜಿಮ್ ಸೇರಿ, ಒಬ್ಬರೇ ಟ್ರೇನರ್ ಬಳಿ ಕಲಿತ ಇಬ್ಬರು ಗೆಳೆಯರಲ್ಲಿ ಐದಡಿ ನಾಲ್ಕಿಂಚಿನವನು 80 ಕೆ.ಜಿ. ಎತ್ತುವ ಹೊತ್ತಿಗೆ ಆರಡಿಯವನು 60 ಕೆ.ಜಿ.ಗೇ ತಿಣುಕಾಡುವುದುಂಟು. ಉದ್ದದ ಹುಡುಗ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾನೆ. ಹಟಕ್ಕೆ ಬಿದ್ದು ಪ್ಲೇಟ್ ಏರಿಸಿ ಭುಜ ನೋಯಿಸಿಕೊಳ್ಳುವವರೂ ಇದ್ದಾರೆ, ಬೇಸತ್ತು ಜಿಮ್ ಬಿಡುವವರೂ ಇದ್ದಾರೆ. ಆದರೆ ಈ ವ್ಯತ್ಯಾಸದಲ್ಲಿ ಶ್ರಮದ ಪಾಲು ಎಷ್ಟೋ, ಮೂಳೆಯ ಉದ್ದದ ಪಾಲೂ ಅಷ್ಟೇ ಇರಬಹುದು.

ಒಮ್ಮೆಯೂ ಎತ್ತಲಾಗದ ಡ್ಯುರಾಂಟ್

ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಕೆವಿನ್ ಡ್ಯುರಾಂಟ್ ಇದಕ್ಕೆ ಪ್ರಸಿದ್ಧ ಉದಾಹರಣೆ. 2007ರಲ್ಲಿ ಎನ್‌ಬಿಎ ಆಟಗಾರರ ಆಯ್ಕೆಗೂ ಮುನ್ನ ನಡೆದ ದೈಹಿಕ ಪರೀಕ್ಷೆಯಲ್ಲಿ 185 ಪೌಂಡ್, ಅಂದರೆ ಸುಮಾರು 84 ಕೆ.ಜಿ. ಭಾರವನ್ನು ಎಷ್ಟು ಬಾರಿ ಎತ್ತುತ್ತಾರೆ ಎಂದು ನೋಡಲಾಯಿತು. ಡ್ಯುರಾಂಟ್ ಒಮ್ಮೆಯೂ ಎತ್ತಲಿಲ್ಲ. ಅವರು ಎರಡೂ ಕೈ ಚಾಚಿ ನಿಂತರೆ ಬೆರಳ ತುದಿಯಿಂದ ಬೆರಳ ತುದಿಗೆ ಸುಮಾರು 2.25 ಮೀಟರ್. ಸಾಮಾನ್ಯವಾಗಿ ಈ ಅಳತೆ ವ್ಯಕ್ತಿಯ ಎತ್ತರಕ್ಕೆ ಹೆಚ್ಚುಕಡಿಮೆ ಸಮವಾಗಿರುತ್ತದೆ. ಡ್ಯುರಾಂಟ್ ಅವರಲ್ಲಿ ಅದು ಎತ್ತರಕ್ಕಿಂತಲೂ ಸಾಕಷ್ಟು ಹೆಚ್ಚು.

ಪರೀಕ್ಷೆಯ ಫಲಿತಾಂಶ ನೋಡಿ ಕೆಲವರು ಮೂಗು ಮುರಿದರೂ ಅದೇ ವರ್ಷ ಅವರು ಎರಡನೆಯವರಾಗಿ ಆಯ್ಕೆಯಾದರು. 2014ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಬಂತು. ಬಾರ್ ಎತ್ತಲು ಅಡ್ಡಿಯಾದ ಉದ್ದ ತೋಳುಗಳೇ ಅಂಗಳದಲ್ಲಿ ಅವರ ಬಲವಾದವು.

ದೂರ ಹೆಚ್ಚಿದರೆ ಕೆಲಸವೂ ಹೆಚ್ಚು

ಬೆಂಚ್ ಪ್ರೆಸ್‌ನಲ್ಲಿ ಬಾರ್ ಎದೆಗೆ ತಾಗಿ, ಕೈ ನೇರವಾಗುವವರೆಗೆ ಮೇಲೇಳಬೇಕು. ಗಿಡ್ಡ ತೋಳಿನವರಿಗೆ ಈ ದೂರ 32 ಸೆಂ.ಮೀ., ಉದ್ದ ತೋಳಿನವರಿಗೆ 44 ಸೆಂ.ಮೀ. ಎಂದುಕೊಳ್ಳೋಣ. 80 ಕೆ.ಜಿ. ಬಾರನ್ನು ಒಮ್ಮೆ ಎತ್ತಲು ಮೊದಲನೆಯವರು ಮಾಡುವ ಕೆಲಸ ಸುಮಾರು 250 ಜೂಲ್, ಎರಡನೆಯವರದು ಸುಮಾರು 345 ಜೂಲ್. ಬಾರ್ ಅದೇ, ಪ್ಲೇಟ್ ಅದೇ. ಆದರೂ ಪ್ರತಿ ರೆಪ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದುಡಿಮೆ. ಹತ್ತು ರೆಪ್ ಮುಗಿಯುವಷ್ಟರಲ್ಲಿ ಒಬ್ಬರಿಗೆ ಏದುಸಿರು, ಇನ್ನೊಬ್ಬರಿಗೆ ಇನ್ನೂ ಎರಡು ಬಾಕಿ ಎನಿಸುವುದು ಇದಕ್ಕೇ.

ಎದೆಗೂಡಿನ ದಪ್ಪವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎದೆ ಉಬ್ಬಿದ್ದರೆ ಬಾರ್ ಬೇಗ ತಾಗುತ್ತದೆ, ಅಷ್ಟರಮಟ್ಟಿಗೆ ದೂರ ಕಡಿಮೆ. ಚಪ್ಪಟೆ ಎದೆ, ಉದ್ದ ತೋಳು ಎರಡೂ ಸೇರಿದವರಿಗೆ ಬಾರ್ ಕೆಳಗಿಳಿದಾಗ ಮೊಣಕೈ ಬೆನ್ನಿಗಿಂತ ಕೆಳಕ್ಕೆ ಹೋಗುತ್ತದೆ. ಭುಜದ ಕೀಲು ಹೆಚ್ಚು ಹಿಗ್ಗುವುದು ಆಗಲೇ.

ಕೊಡ ಹೊರುವ ಲೆಕ್ಕ

ಒಂದೇ ಒಂದು ಬಾರಿ ಗರಿಷ್ಠ ಭಾರ ಎತ್ತುವಾಗ ದೂರಕ್ಕಿಂತಲೂ ಮುಖ್ಯವಾಗುವುದು ಸನ್ನೆಕೋಲಿನ ನಿಯಮ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅರ್ಧ ಮೈಲಿ ನಡೆಯಬಹುದು. ಅದನ್ನೇ ಕೈ ಚಾಚಿ ಹಿಡಿದರೆ ಅರ್ಧ ನಿಮಿಷ ನಿಲ್ಲುವುದೂ ಕಷ್ಟ. ಕೊಡದ ತೂಕ ಬದಲಾಗಿಲ್ಲ, ಮೈಯಿಂದ ಅದರ ದೂರ ಬದಲಾಗಿದೆ.

ಬೆಂಚ್ ಮೇಲೆ ಮಲಗಿದಾಗಲೂ ಹೀಗೆಯೇ. ಮುಂದೋಳು ನೆಟ್ಟಗೆ ನಿಂತಿದ್ದರೆ ಬಾರಿನ ಭಾರ ನೇರವಾಗಿ ಮೊಣಕೈಯ ಮೇಲೆ ಬೀಳುತ್ತದೆ. ಆಗ ಭುಜದಿಂದ ಮೊಣಕೈವರೆಗಿನ ಮೂಳೆಯೇ ಸನ್ನೆಕೋಲು. ಅದು ಉದ್ದವಾದಷ್ಟೂ ಎದೆಯ ಮತ್ತು ಭುಜದ ಮುಂಭಾಗದ ಸ್ನಾಯುಗಳು ಹೆಚ್ಚು ಬಲ ಹಾಕಬೇಕು. ಬಾರ್ ಎದೆಯಿಂದ ಸ್ವಲ್ಪ ಮೇಲೆದ್ದು ಅಲ್ಲೇ ಸಿಕ್ಕಿಕೊಂಡಂತಾಗುವ ಅನುಭವ ಉದ್ದ ತೋಳಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ದೇಹದ ಗಾತ್ರ ಏನು ಮಾಡುತ್ತದೆ?

ಸ್ನಾಯುವಿನ ಬಲ ನಿಂತಿರುವುದು ಮುಖ್ಯವಾಗಿ ಅದರ ದಪ್ಪದ ಮೇಲೆ. ಕೋಡುಬಳೆಗೆ ಹಿಟ್ಟು ಹೊಸೆಯುವಾಗ ಒಂದೇ ಉಂಡೆಯನ್ನು ಉದ್ದ ಮಾಡಿದಷ್ಟೂ ಅದು ತೆಳುವಾಗುತ್ತದೆ. ಒಂದೇ ತೂಕದ ಇಬ್ಬರಲ್ಲಿ ಉದ್ದವಿರುವವರ ಸ್ನಾಯು ಸಾಮಾನ್ಯವಾಗಿ ತೆಳುವಾಗಿರುವುದೂ ಇದೇ ಕಾರಣಕ್ಕೆ.

ಹಾಗಾದರೆ ದೇಹ ದೊಡ್ಡದಾದಷ್ಟೂ ಬಲ ಹೆಚ್ಚುತ್ತದೆಯೇ? ಹೆಚ್ಚುತ್ತದೆ, ಆದರೆ ತೂಕ ಏರಿದ ವೇಗದಲ್ಲಿ ಅಲ್ಲ. ಮೈಕಟ್ಟು ಒಂದೇ ಬಗೆಯದಾಗಿದ್ದು ತೂಕ ಎರಡು ಪಟ್ಟಾದರೆ, ಸ್ನಾಯುವಿನ ಅಡ್ಡಗಾತ್ರ ಏರುವುದು ಸುಮಾರು 1.6 ಪಟ್ಟು ಮಾತ್ರ. 60 ಕೆ.ಜಿ. ತೂಕದವರು 90 ಕೆ.ಜಿ. ಎತ್ತಿದರೆ ಅದು ದೇಹತೂಕದ ಒಂದೂವರೆ ಪಟ್ಟು. ಅದೇ ಮೈಕಟ್ಟಿನ 120 ಕೆ.ಜಿ. ತೂಕದವರಿಂದ ನಿರೀಕ್ಷಿಸಬಹುದಾದದ್ದು ಸುಮಾರು 143 ಕೆ.ಜಿ., ಅಂದರೆ 1.2 ಪಟ್ಟಿನಷ್ಟು. ಆದ್ದರಿಂದ ಒಟ್ಟು ಭಾರದಲ್ಲಿ ದೊಡ್ಡವರು ಮುಂದೆ, ದೇಹತೂಕದ ಲೆಕ್ಕದಲ್ಲಿ ಚಿಕ್ಕವರು ಮುಂದೆ. 2021ರಲ್ಲಿ 355 ಕೆ.ಜಿ. ಎತ್ತಿದ ಅಮೆರಿಕದ ಜೂಲಿಯಸ್ ಮ್ಯಾಡಾಕ್ಸ್, 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ 310 ಕೆ.ಜಿ. ಎತ್ತಿ ಚಿನ್ನ ಗೆದ್ದ ಇರಾನ್‌ನ ಸಿಯಾಮಂದ್ ರೆಹಮಾನ್ ಇಬ್ಬರೂ ಭಾರೀ ದೇಹದವರೇ.

ಸುಧೀರ್ ಚಿನ್ನಕ್ಕೂ ಇದೇ ಲೆಕ್ಕ

ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಬೆಂಚ್ ಪ್ರೆಸ್ ಒಂದೇ ಸ್ಪರ್ಧೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಹರಿಯಾಣದ ಸುಧೀರ್ 212 ಕೆ.ಜಿ. ಎತ್ತಿ ಈ ಕ್ರೀಡೆಯಲ್ಲಿ ಭಾರತಕ್ಕೆ ಕಾಮನ್‌ವೆಲ್ತ್‌ನ ಮೊದಲ ಚಿನ್ನ ತಂದರು. ಅಲ್ಲಿ ಫಲಿತಾಂಶ ಕೆ.ಜಿ.ಯಲ್ಲಿ ಬರಲಿಲ್ಲ, ಅಂಕದಲ್ಲಿ ಬಂತು: 134.5. ಬೇರೆ ಬೇರೆ ತೂಕದವರು ಒಂದೇ ವಿಭಾಗದಲ್ಲಿ ಸ್ಪರ್ಧಿಸುವುದರಿಂದ ದೇಹತೂಕ ಮತ್ತು ಎತ್ತಿದ ಭಾರ ಎರಡನ್ನೂ ಸೂತ್ರಕ್ಕೆ ಹಾಕಿ ಅಂಕ ಕೊಡುತ್ತಾರೆ. ಹೀಗೆ ದೇಹತೂಕದ ವ್ಯತ್ಯಾಸವನ್ನು ಸರಿದೂಗಿಸಲಾಗುತ್ತದೆ. ತೋಳಿನ ಉದ್ದಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ.

ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮದಲ್ಲಿ ಎರಡು ತೋರುಬೆರಳುಗಳ ನಡುವಿನ ಅಂತರ 81 ಸೆಂ.ಮೀ. ಮೀರುವಂತಿಲ್ಲ. ಹಿಡಿತ ಅಗಲವಾದಷ್ಟೂ ಬಾರ್ ಚಲಿಸುವ ದೂರ ಕಡಿಮೆ. ಆದರೆ ತೋಳು ಉದ್ದವಿರುವವರಿಗೆ 81 ಸೆಂ.ಮೀ. ಹಿಡಿತ ಅಷ್ಟೇನೂ ಅಗಲವಲ್ಲ, ಗಿಡ್ಡವರಿಗೆ ಬಹಳ ಅಗಲ. ಕೆಲವರು ಅಗಲ ಹಿಡಿತದ ಜೊತೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಬಾರ್ ಕೆಲವೇ ಸೆಂ.ಮೀ. ಚಲಿಸುವಂತೆ ಮಾಡುತ್ತಿದ್ದುದರಿಂದ 2023ರಲ್ಲಿ ಹೊಸ ನಿಯಮ ಬಂತು. ಈಗ ಬಾರ್ ಇಳಿದಾಗ ಮೊಣಕೈಯ ಕೆಳಭಾಗ ಭುಜದ ಮೇಲ್ಭಾಗದ ಮಟ್ಟಕ್ಕಾದರೂ ಬರಲೇಬೇಕು.

ಉದ್ದ ತೋಳಿಗೂ ಒಂದು ಕಾಲ

ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಲೆಕ್ಕ ತಿರುಗಿಬೀಳುತ್ತದೆ. ತೋಳು ಉದ್ದವಿದ್ದರೆ ಹೆಚ್ಚು ಬಗ್ಗಬೇಕಿಲ್ಲ, ಬಾರ್ ಕಡಿಮೆ ದೂರ ಚಲಿಸಿದರೆ ಸಾಕು. 1985ರಲ್ಲಿ ದೇಹತೂಕದ ಐದು ಪಟ್ಟು ಡೆಡ್‌ಲಿಫ್ಟ್ ಮಾಡಿದ ಅಮೆರಿಕದ ಲಮಾರ್ ಗ್ಯಾಂಟ್ ಅವರಿಗೆ ಬೆನ್ನುಮೂಳೆ ವಕ್ರವಾಗಿದ್ದು, ಮುಂಡ ಗಿಡ್ಡ, ತೋಳು ಉದ್ದವಾಗಿದ್ದವು.

ಏನು ಮಾಡಬೇಕು?

ಮೂಳೆಯ ಉದ್ದ ಬದಲಾಗದು, ಸ್ನಾಯುವಿನ ದಪ್ಪ ಬದಲಾಗುತ್ತದೆ. ಬೆಂಚ್ ಪ್ರೆಸ್ ಬಲವನ್ನು ನಿರ್ಧರಿಸುವುದರಲ್ಲಿ ಸ್ನಾಯುವಿನ ಪ್ರಮಾಣದ್ದೇ ದೊಡ್ಡ ಪಾಲು. ಹಾಗಾಗಿ ಉದ್ದವಿರುವವರು ಬಲಶಾಲಿಗಳಾಗಲಾರರು ಎಂದಲ್ಲ, ಅವರಿಗೆ ಮೈ ತುಂಬಿಕೊಳ್ಳಲು ಹೆಚ್ಚು ಕಾಲ, ಹೆಚ್ಚು ಊಟ ಬೇಕು. ಅವಸರಕ್ಕೆ ಯಾರೋ ಕೊಡುವ ಇಂಜೆಕ್ಷನ್‌ಗೆ ಕೈಯೊಡ್ಡುವುದು ಅಪಾಯ.

* ಬಾರ್ ಎದೆಗೆ ತಾಗಿದಾಗ ಮುಂದೋಳು ನೆಟ್ಟಗಿರುವಷ್ಟು ಅಗಲಕ್ಕೆ ಹಿಡಿಯಬೇಕು. ಪಕ್ಕದವರ ಹಿಡಿತ ನೋಡಿ ಅಲ್ಲ.

* ಮೊಣಕೈಗಳನ್ನು ಭುಜದ ನೇರಕ್ಕೆ ಪೂರ್ತಿ ಚಾಚದೆ ಸ್ವಲ್ಪ ಮೈಕಡೆಗೆ ತರಬೇಕು. ಹೆಗಲ ಹಲಗೆಗಳನ್ನು ಹಿಂದಕ್ಕೆ ಬಿಗಿದು ಮಲಗಬೇಕು.

* ಬಾರ್ ಎದೆಗೆ ಇಳಿಸಿದಾಗ ಭುಜ ನೋಯುತ್ತಿದ್ದರೆ ಡಂಬೆಲ್ ಬಳಸಬಹುದು, ಅಥವಾ ನೆಲದ ಮೇಲೆ ಮಲಗಿ ಮಾಡುವ ಫ್ಲೋರ್ ಪ್ರೆಸ್ ಮಾಡಬಹುದು. ನೋವು ಮುಂದುವರಿದರೆ ವೈದ್ಯರನ್ನು ಕಾಣಬೇಕು.

* ಭಾರ ಏರಿಸುವಾಗ ತಲೆಯ ಬಳಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು.

ಹೋಲಿಕೆ ಬೇಕೆಂದರೆ ಮೂರು ತಿಂಗಳ ಹಿಂದೆ ತಾನು ಎತ್ತಿದ ಭಾರವನ್ನು ಬರೆದಿಟ್ಟುಕೊಂಡು ನೋಡುವುದು ಒಳ್ಳೆಯದು. ತೋಳಿನ ಉದ್ದ ಬದಲಾಗದೆ ಉಳಿಯುವ ಹೋಲಿಕೆ ಅದೊಂದೇ.